ನೀರಿನೊಳಗೆ ತೆಗೆದ ಹವಳದ ಚಿತ್ರಗಳು ನೀಲಿಯಾಗುವುದೇಕೆ?

ಪ್ರಶ್ನೆ (ಜಯನಗರ, ಬೆಂಗಳೂರು):
ಕೆರೆಯ ಹಕ್ಕಿಗಳ ಚಿತ್ರ ತೆಗೆದು ಅಭ್ಯಾಸವಿರುವ ನಾನು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಸುಮಾರು 10 ಮೀಟರ್ ಆಳದಲ್ಲಿ ತೆಗೆದ ಹವಳದ ದಿಬ್ಬಗಳ ಚಿತ್ರಗಳೆಲ್ಲ ನೀಲಿಗಟ್ಟಿವೆ. ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆಗಳು ತುಂಬಿಕೊಳ್ಳುತ್ತವೆ. ಮುಂದೆ ನೇತ್ರಾಣಿ ದ್ವೀಪಕ್ಕೆ ಹೋಗುವ ಯೋಚನೆಯಿದೆ. ಹೊಸ ಕ್ಯಾಮೆರಾ ಕೊಳ್ಳದೆ ಇದನ್ನು ಸರಿಪಡಿಸಬಹುದೇ?

ಉತ್ತರ (ಮಲ್ಲೇಶ್ವರಂ):
ಖಂಡಿತ ಸರಿಪಡಿಸಬಹುದು, ಏಕೆಂದರೆ ದೋಷ ಕ್ಯಾಮೆರಾದ್ದಲ್ಲ. ನೀರು ಮೊದಲು ಹೀರಿಕೊಳ್ಳುವುದು ಕೆಂಪು ಬೆಳಕನ್ನು; ಆಳಕ್ಕಿಳಿದಂತೆ ಕಿತ್ತಳೆ, ಹಳದಿಗಳೂ ಮಂಕಾಗಿ ನೀಲಿಯೇ ಉಳಿಯುತ್ತದೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಚಿತ್ರ ತೆಗೆದು, ಆಳ ಬದಲಾದಾಗಲೆಲ್ಲ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿದೂಗಿಸುವ ಸೆಟ್ಟಿಂಗ್, ಹೊಂದಿಸಿಕೊಳ್ಳಿ. ಬಿಳಿ ಚುಕ್ಕೆಗಳು ನೀರಿನಲ್ಲಿ ತೇಲುವ ಕಣಗಳು. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲ್ಯಾಶ್, ಮಂಜಿನಲ್ಲಿ ಹೊತ್ತಿಸಿದ ಹೆಡ್‌ಲೈಟಿನಂತೆ, ಅವುಗಳನ್ನೇ ಬೆಳಗುತ್ತದೆ. ಸ್ಟ್ರೋಬ್ ದೀಪವನ್ನು (ನೀರಿನೊಳಗೆ ಬಳಸುವ ಪ್ರತ್ಯೇಕ ಫ್ಲ್ಯಾಶ್) ಕ್ಯಾಮೆರಾಕ್ಕೆ ಜೋಡಿಸುವ ಉದ್ದನೆಯ ತೋಳಿಗೆ ಕಟ್ಟಿ ಲೆನ್ಸಿನಿಂದ ಪಕ್ಕಕ್ಕೆ ಸರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೂಮ್ ಮಾಡದೆ ಹತ್ತಿರ ಹೋಗಬೇಕು. ನಡುವಿನ ನೀರು ಕಡಿಮೆಯಾದಷ್ಟೂ ಬಣ್ಣ ಉಳಿಯುತ್ತದೆ.

ಉತ್ತರ (ಬಸವನಗುಡಿ):
ಹತ್ತಿರ ಹೋಗುವ ಮೊದಲು ಮುಳುಗದೆ, ಮೇಲೇಳದೆ ಒಂದೇ ಮಟ್ಟದಲ್ಲಿ ತೇಲುವುದನ್ನು ಈಜುಕೊಳದಲ್ಲಿ ಕಲಿಯಿರಿ ಎಂಬುದು ನನ್ನ ವಿನಂತಿ. ಚಿತ್ರದ ಆಸೆಗೆ ಹವಳವನ್ನು ಹಿಡಿದು ನಿಲ್ಲುವವರನ್ನು ಕಂಡಾಗ ಸಿಟ್ಟು ಬರುತ್ತದೆ. ಕವಲೊಡೆದ ಹವಳದ ತುದಿ ಫಿನ್ (ಈಜಲು ಕಾಲಿಗೆ ತೊಡುವ ರೆಕ್ಕೆ) ತಗುಲಿದರೂ ಮುರಿಯುತ್ತದೆ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಮುರುಡೇಶ್ವರದಿಂದ ನೇತ್ರಾಣಿಗೆ ಮಳೆಗಾಲದಲ್ಲಿ ಡೈವಿಂಗ್ ದೋಣಿಗಳು ಹೋಗುವುದಿಲ್ಲ. ನೀರು ಕದಡಿದ ದಿನ ವಿಶಾಲ ದೃಶ್ಯವನ್ನು ಕೈಬಿಟ್ಟು ಸಣ್ಣ ಜೀವಿಗಳತ್ತ ಕ್ಯಾಮೆರಾ ತಿರುಗಿಸಿ.