ಅಮ್ಮನಿಗೆ ಮನೋವೈದ್ಯರನ್ನು ವಿಡಿಯೋದಲ್ಲೇ ತೋರಿಸಬಹುದಾ? ಮಾಡಿಸಿದವರು ಹೇಳಿ

ಹೊಸನಗರದ ಮಗಳು:
ಅಮ್ಮನಿಗೆ 61 ವರ್ಷ. ಖಿನ್ನತೆಗೆ ಶಿವಮೊಗ್ಗದಲ್ಲಿ ತೋರಿಸುತ್ತಿದ್ದೇವೆ. ಎಸ್ಸಿಟಲೋಪ್ರಾಮ್ ನಡೆಯುತ್ತಿದೆ, ಗುಣ ಕಾಣಿಸಿದೆ. ಆದರೆ ಬಸ್ಸು ಹತ್ತಿದರೆ ವಾಂತಿ, ಮಂಡಿನೋವು ಬೇರೆ. ಡಾಕ್ಟ್ರೇ "ಮುಂದಿನ ಸಲ ಬೇಕಿದ್ದರೆ ವಿಡಿಯೋದಲ್ಲಿ ಮಾತಾಡೋಣ" ಅಂದಿದ್ದಾರೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ನಮ್ಮ ಮನೆಯಲ್ಲಿ ಸಿಗ್ನಲ್ ಕೂಡ ಅಷ್ಟಕ್ಕಷ್ಟೇ. ನಿಮ್ಮ ಅನುಭವ ತಿಳಿಸಿ.

ಯಲ್ಲಾಪುರದ ಅಕ್ಕ:
ಕಣ್ಣು ಮುಚ್ಚಿ ಒಪ್ಪಿಕೊಳ್ಳಿ ತಂಗಿ. ನನ್ನ ತಮ್ಮನಿಗೆ ಬೈಪೋಲಾರ್, ಅಂದರೆ ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ ಬರುವ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ಳುತ್ತಾನೆ. ಮೊದಲು ಧಾರವಾಡಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಅವನು ಬಸ್ಸಿನಲ್ಲಿ ಕೂರುವುದಿಲ್ಲ, ಕಾರೇ ಆಗಬೇಕು. ವೇಟಿಂಗ್ ಸೇರಿ ಬಾಡಿಗೆ 3,800. ಡಾಕ್ಟರ ಫೀಸು 600. ಊಟ, ಚಹಾ ಅಂತ 500. ಅಪ್ಪ ತೋಟದ ಕೆಲಸ ಬಿಟ್ಟು ಬರಬೇಕು. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಬಂದು ಯಜಮಾನರಿಲ್ಲ ಅಂತ ವಾಪಸ್ ಹೋಗಿದ್ದೂ ಇದೆ. ನನಗೆ ಸಂಬಳವಿಲ್ಲದ ರಜೆ. ಇಷ್ಟೆಲ್ಲ ಮಾಡಿ ಒಳಗೆ ಕೂತು ಮಾತಾಡುತ್ತಿದ್ದದ್ದು ಕಾಲು ಗಂಟೆ.

ದುಡ್ಡು ಹೋಗಲಿ. ಒಂದು ಮಳೆಗಾಲದಲ್ಲಿ ಮೊದಲು ಗಾಡಿ ಸಿಗಲಿಲ್ಲ, ಆಮೇಲೆ ಡಾಕ್ಟ್ರು ರಜೆ. ಮಾತ್ರೆ ಖಾಲಿಯಾಯಿತು. ತಮ್ಮ ರಾತ್ರಿಯೆಲ್ಲ ನಿದ್ದೆ ಮಾಡದೆ ಓಡಾಡತೊಡಗಿದ, ಪರಿಚಯವೇ ಇಲ್ಲದವರಿಗೆ ಸಾಲ ಕೊಡುತ್ತೇನೆ ಅಂತ ಫೋನ್ ಮಾಡತೊಡಗಿದ. ಆಸ್ಪತ್ರೆಗೆ ಸೇರಿಸಿ ಬಿಡಿಸಿಕೊಂಡು ಬರುವಾಗ ಬಿಲ್ಲು 41,000.

ಈಗ ಅದೇ ಡಾಕ್ಟ್ರು, ವಿಡಿಯೋದಲ್ಲಿ. ಫೀಸು ಅಷ್ಟೇ. ಲಿಥಿಯಂ ಮಟ್ಟ, ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್ ಮೂರಕ್ಕೂ ಇಲ್ಲೇ ಲ್ಯಾಬಿನಲ್ಲಿ ರಕ್ತ ಕೊಡುತ್ತೇವೆ. ರಾತ್ರಿ ಒಂಬತ್ತಕ್ಕೆ ಮಾತ್ರೆ ಕೊಟ್ಟರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ. ಮಧ್ಯೆ 12 ಗಂಟೆ ಇರಬೇಕು, ಬೆಳಗಿನ ಮಾತ್ರೆ ರಕ್ತ ಕೊಟ್ಟ ಮೇಲೆಯೇ. ವರದಿ ಫೋನಿಗೆ ಬರುತ್ತದೆ, ಅದನ್ನೇ ಡಾಕ್ಟರಿಗೆ ಕಳಿಸುತ್ತೇವೆ. "ಎರಡೂ ಕೈ ಚಾಚಿ ತೋರಿಸು" ಅಂತ ಕ್ಯಾಮೆರಾದಲ್ಲೇ ನಡುಕ ನೋಡುತ್ತಾರೆ. ಅಲ್ಲಿಂದ ಇಲ್ಲಿಯವರೆಗೆ ಮಾತ್ರೆ ತಪ್ಪಿಲ್ಲ.

ಮಂಡ್ಯದವನು:
ಇಂಥ ಮಾತು ನಂಬಿಯೇ ನಾವು ಕೈ ಸುಟ್ಟುಕೊಂಡದ್ದು. ನನ್ನ ಹೆಂಡತಿಗೆ ಒಂದು ಆ್ಯಪ್ ಮೂಲಕ ತೋರಿಸಿದೆ. ಫೀಸು 1,200. ಪ್ರತಿ ಸಲ ಬೇರೆ ಡಾಕ್ಟ್ರು, ಪ್ರತಿ ಸಲ ಮೊದಲಿಂದ ಕಥೆ ಹೇಳಬೇಕು. ಒಬ್ಬರಿಗೆ ಕನ್ನಡವೇ ಬರುವುದಿಲ್ಲ. ಅವಳು ಅಳುತ್ತಾ ಹೇಳುವುದು, ನಾನು ಪಕ್ಕದಲ್ಲಿ ಹಿಂದಿಗೆ ತಿರುಗಿಸುವುದು. ಗಂಡನ ಎದುರು ಹೇಳಲಾಗದ ಮಾತು ಅವಳಿಗೆ ಇರುವುದಿಲ್ಲವಾ?

ಓಲಾಂಜಪೀನ್ ಬರೆದರು. ಆ ಮಾತ್ರೆಗೆ ಹಸಿವು ಜಾಸ್ತಿ, ತೂಕ ಏರುತ್ತದೆ, ಸಕ್ಕರೆಯೂ ಏರಬಹುದು. ಯಾರೂ ತೂಕ ಕೇಳಲಿಲ್ಲ, ಸಕ್ಕರೆ ಪರೀಕ್ಷೆ ಬರೆಯಲಿಲ್ಲ. ವಿಡಿಯೋದಲ್ಲಿ ಕತ್ತಿನಿಂದ ಮೇಲೆ ತಾನೆ ಕಾಣುವುದು! 58 ಕಿಲೋ ಇದ್ದವಳು 71 ಆದಳು. ಜೊತೆಗೆ ಕೌನ್ಸೆಲಿಂಗ್ ಪ್ಯಾಕೇಜ್ ಅಂತ 9,000 ಮುಂಗಡ ಕಟ್ಟಿಸಿಕೊಂಡರು. ಉಳಿದ ದುಡ್ಡು ವಾಪಸ್ ಕೇಳಿದರೆ ಅವಧಿ ಮುಗಿದಿದೆ ಅಂತ ಉತ್ತರ. ಈಗ ಊರಲ್ಲೇ ತೋರಿಸುತ್ತಿದ್ದೇವೆ. ಮೊದಲ ದಿನವೇ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಸೊಂಟದ ಸುತ್ತಳತೆ ತಗೊಂಡರು.

ಯಲ್ಲಾಪುರದ ಅಕ್ಕ:
ಸರ್, ನೀವು ಆ್ಯಪಿನ ಸಿಟ್ಟನ್ನು ವಿಡಿಯೋ ಮೇಲೆ ತೀರಿಸುತ್ತಿದ್ದೀರಿ. ನಾನು ಹೇಳಿದ್ದು ಎದುರು ಕೂತು ನೋಡಿದ ಡಾಕ್ಟರನ್ನೇ ವಿಡಿಯೋದಲ್ಲಿ ಮುಂದುವರಿಸುವುದು. ಎರಡಕ್ಕೂ ಅಜಗಜಾಂತರ.

ಮಂಡ್ಯದವನು:
ನಿಮಗೆ ಒಳ್ಳೆ ಡಾಕ್ಟ್ರು ಸಿಕ್ಕರು ಅಂತ ಎಲ್ಲರಿಗೂ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ ಅನ್ನಬೇಡಿ. 13 ಕಿಲೋ ಹೊತ್ತು ಓಡಾಡುತ್ತಿರುವುದು ನನ್ನ ಹೆಂಡತಿ.

ಆರ್‌.ಆರ್‌. ನಗರ ತಾಯಿ:
ಎಲ್ಲವೂ ವಿಡಿಯೋದಲ್ಲಿ ಆಗುವುದಿಲ್ಲ. ಮಗನಿಗೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ, ಎಡಿಎಚ್‌ಡಿ, ಮೀಥೈಲ್‌ಫೆನಿಡೇಟ್ ಕೊಡುತ್ತೇವೆ. ಅದು ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ನಿಯಂತ್ರಣದ ಪಟ್ಟಿಯ ಔಷಧಿ. ಫೋನು, ವಿಡಿಯೋದಲ್ಲಿ ಚಿಕಿತ್ಸೆ ಕೊಡುವ ಬಗ್ಗೆ 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಇಂಥವನ್ನು ವಿಡಿಯೋ ನೋಡಿ ಬರೆಯುವಂತಿಲ್ಲ ಅಂತ ಇದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್‌ನವರು ಇಟ್ಟುಕೊಳ್ಳುತ್ತಾರೆ. ಇದು ಗೊತ್ತಿಲ್ಲದ ಆನ್‌ಲೈನ್ ಕ್ಲಿನಿಕ್ ಒಂದು 1,500 ಕಟ್ಟಿಸಿಕೊಂಡು, ಕೊನೆಗೆ "ನೇರವಾಗಿ ಯಾರನ್ನಾದರೂ ನೋಡಿ" ಅಂತ ಕಳಿಸಿತು. ಎಲ್ಲ ಅಂಗಡಿಯಲ್ಲೂ ಆ ಮಾತ್ರೆ ಇರುವುದಿಲ್ಲ. ವಿಜಯನಗರ, ಜಯನಗರ ಸುತ್ತಿ ಆಟೋಗೇ 480 ಹೋಯಿತು. ಆದರೆ ನಡುವಿನ ಮಾತುಕತೆ, ನಡವಳಿಕೆ ತರಬೇತಿ ಎಲ್ಲ ವಿಡಿಯೋದಲ್ಲಿ ಚೆನ್ನಾಗಿ ನಡೆದಿದೆ. ಆಸ್ಪತ್ರೆಯ ಕುರ್ಚಿಯಲ್ಲಿ ಗಪ್‌ಚುಪ್ ಕೂರುವ ಹುಡುಗ ಮನೆಯಲ್ಲಿ ಸೋಫಾ ಮೇಲೆ ಹಾರಿದ್ದನ್ನು ಅವರು ಕಣ್ಣಾರೆ ನೋಡಿದರು.

ಸಿಂಧನೂರು:
ನೀವೆಲ್ಲ ಸಾವಿರ ಸಾವಿರ ಸುರಿಯುವುದು ನೋಡಿ ಬೇಸರ ಆಗುತ್ತದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ನಮ್ಮ ನಿಮ್ಹಾನ್ಸ್ ಅದರ ಕೇಂದ್ರ. ದಿನದ 24 ಗಂಟೆ, ಕನ್ನಡದಲ್ಲೇ, ಒಂದು ಪೈಸೆ ಇಲ್ಲ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ನನ್ನ ಅಣ್ಣ ಕುಡಿತ ಬಿಟ್ಟಾಗ ರಾತ್ರಿ ಎರಡಕ್ಕೆ ಕೈ ನಡುಗಿ ಏನೇನೋ ಕಾಣಿಸತೊಡಗಿತು. ಫೋನ್ ಎತ್ತಿದ ಹುಡುಗಿ "ಇದಕ್ಕೆ ಫೋನ್ ಸಾಲದು, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ" ಅಂತ ಗಟ್ಟಿಯಾಗಿ ಹೇಳಿದಳು. ಅದರಿಂದಲೇ ಅಣ್ಣ ಉಳಿದ. ಮಾತ್ರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಅದೂ ಉಚಿತ.

ಆರ್‌.ಆರ್‌. ನಗರ ತಾಯಿ:
ಉಚಿತ ನಿಜ, ಆದರೆ ಅಂಥ ಒಂದು ಕ್ಲಿನಿಕ್‌ನಲ್ಲಿ ನನ್ನ ಚಿಕ್ಕಮ್ಮನಿಗೆ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಅಂದಿದ್ದರು.

ಸಿಂಧನೂರು:
ಒಂದು ಸಲ ಸ್ಟಾಕ್ ಇರಲಿಲ್ಲ ಅಂತ ಸರಕಾರಿ ಆಸ್ಪತ್ರೆಯನ್ನೇ ತಳ್ಳಿಹಾಕುತ್ತೀರಾ ಮೇಡಂ? ಬೆಂಗಳೂರಿನಲ್ಲಿ ಕೂತವರಿಗೆ ಹತ್ತು ದಾರಿ ಇದೆ. ಕೂಲಿ ಮಾಡುವವನಿಗೆ ಮಂಗಳವಾರ ಒಂದೇ ದಾರಿ.

ಮೆಡಿಕಲ್ ಇಟ್ಟವನು, ತಿಪಟೂರು:
ಡಾಕ್ಟ್ರು, ರೋಗಿ ಆಯಿತು, ಈಗ ನಮ್ಮ ಕಷ್ಟವನ್ನೂ ಕೇಳಿ. ವಾಟ್ಸಾಪಿನಲ್ಲಿ ಮಸುಕು ಮಸುಕು ಚೀಟಿ ತಂದು ನಿದ್ದೆ ಮಾತ್ರೆ ಕೇಳುತ್ತಾರೆ. ಅದೇ ಚೀಟಿ ಮರುವಾರ ಬೇರೊಬ್ಬನ ಕೈಯಲ್ಲಿ ಬರುತ್ತದೆ. ಕೊಡದಿದ್ದರೆ ಜಗಳ, ಕೊಟ್ಟರೆ ಲೈಸೆನ್ಸಿಗೆ ಕುತ್ತು. ಸಹಿ, ತಾರೀಕು, ಡಾಕ್ಟರ ನೋಂದಣಿ ಸಂಖ್ಯೆ ಸ್ಪಷ್ಟವಾಗಿದ್ದರೆ ನಾನು ಯಾವತ್ತೂ ಇಲ್ಲ ಅಂದಿಲ್ಲ.

ಯಲ್ಲಾಪುರದ ಅಕ್ಕ:
ಎಲ್ಲ ಸ್ಪಷ್ಟವಾಗಿದ್ದರೂ ಕೊಡದವರಿದ್ದಾರೆ ಅಣ್ಣಾ. ಒಂದು ಅಂಗಡಿಯವರು ಹತ್ತು ಜನರ ಮುಂದೆ "ಇದು ತಲೆ ಕೆಟ್ಟವರ ಮಾತ್ರೆ ಅಲ್ವಾ, ಒರಿಜಿನಲ್ ಚೀಟಿ ತನ್ನಿ" ಅಂತ ಕೂಗಿದರು. ಅಂದಿನಿಂದ ತಮ್ಮ ಆ ರಸ್ತೆಯಲ್ಲೇ ಹೋಗುವುದಿಲ್ಲ. ಸಹಿ ಇರುವ ಚೀಟಿಯ ಫೋಟೋ ನಡೆಯುತ್ತದೆ ಅಂತ ಅದೇ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಇದೆ. ಲೈಸೆನ್ಸಿನ ಭಯ ಇರಲಿ, ನಾಲಿಗೆಗೆ ಯಾವ ಲೈಸೆನ್ಸ್?

ಮೆಡಿಕಲ್ ಇಟ್ಟವನು, ತಿಪಟೂರು:
ಅವರು ಹಾಗೆ ಅಂದದ್ದಕ್ಕೆ ನನ್ನನ್ನು ಬೈಯಬೇಡಿ. ನಾನು ಮಾತ್ರೆಯನ್ನು ಕವರಿನಲ್ಲಿ ಹಾಕಿ ಅಂಟಿಸಿ ಕೊಡುತ್ತೇನೆ.

ಮ್ಯೂನಿಕ್‌ನಿಂದ:
ಇಲ್ಲಿ ಥೆರಪಿಗೆ ತಿಂಗಳುಗಟ್ಟಲೆ ಕಾಯಬೇಕು. ಕಾದು ಸಿಕ್ಕವರ ಜೊತೆ ನನ್ನ ಅರೆಬರೆ ಜರ್ಮನ್‌ನಲ್ಲಿ ಅಪ್ಪನ ವಿಷಯ ಹೇಳಲು ಆಗಲಿಲ್ಲ. ಈಗ ಮೈಸೂರಿನ ಕೌನ್ಸೆಲರ್ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ. ಮಾತ್ರೆ ಮಾತ್ರ ಇಲ್ಲಿನ ಡಾಕ್ಟರಿಂದಲೇ. ಭಾರತದ ಆ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರದೇಶದಲ್ಲಿರುವ ನಮ್ಮಂಥವರಿಗೆ ಅನ್ವಯಿಸುವುದಿಲ್ಲ.

ಮಂಡ್ಯದವನು:
ಮ್ಯೂನಿಕ್‌ಗೆ ಕನ್ನಡದ ಕೌನ್ಸೆಲರ್ ಸಿಗುತ್ತಾರೆ, ಮಂಡ್ಯಕ್ಕೆ ಹಿಂದಿ ಡಾಕ್ಟ್ರು. ಆ್ಯಪಿನವರು ಊರು ನೋಡದೆ ಡಾಕ್ಟರನ್ನು ಹಂಚಿದರೆ ಆಗುವುದೇ ಇದು.

ಹೊಸನಗರದ ಮಗಳು:
ಎಲ್ಲರಿಗೂ ವಂದನೆ. ಆದರೆ ಅಮ್ಮನ ಕಿವಿ, ಸಿಗ್ನಲ್ ಬಗ್ಗೆ ಯಾರೂ ಹೇಳಲಿಲ್ಲ...

ಮೈಸೂರು ಸೊಸೆ:
ನಮ್ಮ ಅತ್ತೆಗೂ ಇದೇ ಎಸ್ಸಿಟಲೋಪ್ರಾಮ್ ಮಾತ್ರೆ, ಇದೇ ವಯಸ್ಸು. ಅದಕ್ಕೇ ಬರೆಯುತ್ತಿದ್ದೇನೆ. ಶುರುವಿನಲ್ಲಿ ತಲೆಸುತ್ತು, ಮಂಪರು ಬಂತು. ವಯಸ್ಸಾಯಿತಲ್ಲ ಅಂತ ಮನೆಯವರು ಸುಮ್ಮನಿದ್ದರು. ಮುಂದಿನ ಭೇಟಿ ಇನ್ನೂ ದೂರ ಇತ್ತು. ನಾನು ಅಂದೇ ಸಂಜೆಗೆ ವಿಡಿಯೋ ಸಮಯ ಕೇಳಿದೆ. ಡಾಕ್ಟ್ರು ತಕ್ಷಣ ರಕ್ತದ ಸೋಡಿಯಂ (ಉಪ್ಪಿನಂಶ) ಪರೀಕ್ಷೆ ಬರೆದರು. 250 ರೂಪಾಯಿ. 135ರ ಮೇಲೆ ಇರಬೇಕಾದದ್ದು 126ಕ್ಕೆ ಇಳಿದಿತ್ತು! ವಯಸ್ಸಾದವರಿಗೆ ಈ ಗುಂಪಿನ ಮಾತ್ರೆಗಳಲ್ಲಿ ಹೀಗಾಗುವುದುಂಟಂತೆ. ವರದಿ ನೋಡಿದ ಕೂಡಲೇ ಹತ್ತಿರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸರಿಪಡಿಸಿ ಮಾತ್ರೆ ಬದಲಾಯಿಸಿದರು. ಅಷ್ಟು ದಿನ ಕಾದಿದ್ದರೆ ಏನಾಗುತ್ತಿತ್ತೋ. ನೀವೂ ಡಾಕ್ಟರನ್ನು ಇದೊಂದು ಕೇಳಿ.

ಕಿವಿಗೆ ನಾವು ಮಾಡುವುದು ಹೀಗೆ. ಚಿತ್ರಕ್ಕೆ ವಿಡಿಯೋ, ಮಾತಿಗೆ ಇನ್ನೊಂದು ಮಾಮೂಲಿ ಫೋನ್. ಅತ್ತೆ ಅದನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳುತ್ತಾರೆ. ವಿಡಿಯೋ ನಿಂತರೂ ಮಾತು ನಿಲ್ಲುವುದಿಲ್ಲ. ಮೊದಲ ಐದು ನಿಮಿಷ ನಾನು ಕೂತು ಊಟ, ನಿದ್ದೆ, ಮಾತ್ರೆಯ ವಿಷಯ ಹೇಳಿ ಹೊರಗೆ ಹೋಗುತ್ತೇನೆ. ಹಿಂದಿನ ದಿನವೇ ತೂಕ, ಬಿಪಿ ಬರೆದಿಟ್ಟಿರುತ್ತೇನೆ, ಮಂಡ್ಯದ ಅಣ್ಣ ಹೇಳಿದಂಥ ತೊಂದರೆ ಆಗಬಾರದು ಅಂತ.

ಮಂಡ್ಯದವನು:
ಅದನ್ನೇ ನಾನೂ ಹೇಳುತ್ತಿರುವುದು. ತೂಕ ಕೇಳದ ಡಾಕ್ಟ್ರು ಬೇಡ.

ಯಲ್ಲಾಪುರದ ಅಕ್ಕ:
ನಮ್ಮ ಡಾಕ್ಟ್ರು ಕೇಳುತ್ತಾರೆ ಸರ್, ವಿಡಿಯೋದಲ್ಲೇ.