ಒಂದೇ ತೊಟ್ಟಿಯ ಗಪ್ಪಿಗಳಲ್ಲಿ ಕೆಲವು ಮಾತ್ರ ಮೊದಲು ತಿನ್ನುವುದೇಕೆ?

ಪ್ರಶ್ನೆ: ನಮ್ಮ ಮನೆಯ ತೊಟ್ಟಿಯಲ್ಲಿ ಒಂದೇ ತಾಯಿಯ ಮರಿಗಳಾದ ಗಪ್ಪಿ ಎಂಬ ಪುಟ್ಟ ಮೀನುಗಳಿವೆ. ಮುಚ್ಚಳ ತೆಗೆದೊಡನೆ ಕೆಲವು ನನ್ನ ಬೆರಳಿನ ಬಳಿಗೇ ಬರುತ್ತವೆ. ಉಳಿದವು ಗಿಡಗಳ ಮರೆಯಲ್ಲಿದ್ದು, ಆಹಾರದ ಚೂರುಗಳು ತಳಕ್ಕಿಳಿದ ಮೇಲಷ್ಟೇ ಹೊರಬರುತ್ತವೆ. ದಿನವೂ ಮುಂದೆ ಬರುವವು ಅವೇ. ಇದನ್ನು ಸ್ವಭಾವವೆನ್ನಬಹುದೇ, ಅಥವಾ ಹಸಿವಿನ ವ್ಯತ್ಯಾಸ ಮಾತ್ರವೇ?

ಉತ್ತರ 1: ಸ್ವಭಾವವೆನ್ನಲು ಆಧಾರವಿದೆ. ಜೀವವಿಜ್ಞಾನಿ ಡೇವಿಡ್ ಸ್ಲೋನ್ ವಿಲ್ಸನ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಪಂಪ್‌ಕಿನ್‌ಸೀಡ್ ಸನ್‌ಫಿಶ್ ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳಕ್ಕೆ ಇಳಿಬಿಟ್ಟ ಬೋನುಗಳೊಳಗೆ ತಾವಾಗಿಯೇ ನುಗ್ಗಿದ ಮೀನುಗಳನ್ನು, ಬೋನಿನ ಕಡೆ ಸುಳಿಯದೆ ಎಳೆಬಲೆಗಷ್ಟೇ ಸಿಕ್ಕ ಮೀನುಗಳೊಡನೆ ಹೋಲಿಸಿದರು. ಕೊಳದಲ್ಲಿದ್ದಾಗಲೇ ಇವೆರಡರ ಆಹಾರ ಬೇರೆಯಾಗಿತ್ತು; ಪ್ರಯೋಗಾಲಯಕ್ಕೆ ತಂದಾಗ ಬೋನಿನ ಮೀನುಗಳೇ ಬೇಗ ತಿನ್ನತೊಡಗಿದವು. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಮುಂದಿನ ಭಾಗ: ಒಂದೊಂದನ್ನೂ ಒಂಟಿಯಾಗಿ ಇರಿಸಿದ ಮೇಲೆ ಈ ವ್ಯತ್ಯಾಸಗಳು ಅಳಿಸಿಹೋದವು. ಧೈರ್ಯವು ಮೀನಿನೊಳಗೆ ಮಾತ್ರವಲ್ಲ, ಅದರ ಸುತ್ತಲಿನ ಸಹವಾಸದಲ್ಲಿಯೂ ಇರುತ್ತದೆ.

ಉತ್ತರ 2: ಮೇಲಿನದನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಸಹವಾಸದ ಲೆಕ್ಕಕ್ಕೆ ಹಾಕುವಂತಿಲ್ಲ. ಒತ್ತಡಕ್ಕೆ ಒಳಗಾದಾಗ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನು ಕಡಿಮೆ ಸ್ರವಿಸುವಂತೆ ಪೀಳಿಗೆಗಳಿಂದ ಆಯ್ದು ಬೆಳೆಸಿದ ರೇನ್‌ಬೋ ಟ್ರೌಟ್‌ಗಳು, ಹೊಸ ತೊಟ್ಟಿಗೆ ಬಿಟ್ಟಾಗ ಹೆಚ್ಚು ಸ್ರವಿಸುವ ತಳಿಗಿಂತ ಬೇಗ ಆಹಾರ ಮುಟ್ಟುತ್ತವೆ. ಅಂದರೆ ಇದರಲ್ಲಿ ವಂಶವಾಹಿಯ ಪಾಲೂ ಇದೆ. ಇನ್ನೊಂದು ಎಚ್ಚರಿಕೆ: ಲಾಡಿಹುಳು ಸೇರಿದ ಸ್ಟಿಕಲ್‌ಬ್ಯಾಕ್ ಮೀನು ಬೆದರಿದ ಮೇಲೂ ಬೇಗ ಆಹಾರಕ್ಕೆ ಮರಳುತ್ತದೆ. ಅದು ಧೈರ್ಯವಲ್ಲ, ಹುಳು ಹೆಚ್ಚಿಸಿದ ಹಸಿವು.

ಉತ್ತರ 3: ಮೊದಲು ನೋಡಬೇಕಾದದ್ದು, ಮುಂದೆ ಬರುವವು ಹೆಣ್ಣುಗಳೇ ಎಂಬುದನ್ನು. ಗಪ್ಪಿಗಳಲ್ಲಿ ಹೆಣ್ಣು ಬಲಿತ ಮೇಲೂ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಆಹಾರವೇ ಮುಖ್ಯ. ಗಂಡಿನ ಹೊತ್ತೆಲ್ಲ ಹೆಣ್ಣಿನ ಹಿಂದೆ ಸುತ್ತುವುದರಲ್ಲಿಯೇ ಕಳೆಯುತ್ತದೆ. ಬಳಿಕ ಆಹಾರ ಹಾಕುವ ಮೂಲೆಯನ್ನೂ ವೇಳೆಯನ್ನೂ ಬದಲಿಸಿ. ಆಗಲೂ ಅವೇ ಮುಂದಿದ್ದರೆ ಸ್ವಭಾವದ ಮಾತಿಗೆ ಬಲ ಬರುತ್ತದೆ. ಅಲ್ಲಿಯವರೆಗೆ ಆಹಾರವನ್ನು ಎರಡು ತುದಿಗಳಲ್ಲಿ ಹಂಚಿ ಹಾಕಿ, ಅಂಜುವ ಮೀನುಗಳ ಹೊಟ್ಟೆಯೂ ತುಂಬಲಿ.

ಪ್ರಶ್ನೆ ಕೇಳಿದವರು: ಮುಂದೆ ಬರುವವು ಬಹುತೇಕ ಹೆಣ್ಣುಗಳೇ. ಆದರೆ ಕಿತ್ತಳೆ ಬಾಲದ ಒಂದು ಗಂಡು, ಹೆಣ್ಣುಗಳತ್ತ ತಿರುಗಿಯೂ ನೋಡದೆ ಅವುಗಳಿಗಿಂತ ಮೊದಲೇ ಬಂದು ನಿಲ್ಲುತ್ತದೆ. ಮೂಲೆ ಬದಲಿಸುವ ಪರೀಕ್ಷೆಯನ್ನು ಅದರಿಂದಲೇ ಆರಂಭಿಸುತ್ತೇನೆ.