ಮಾತೃಪೂರ್ಣ ಊಟವನ್ನು ಮನೆಗೆ ತರಬಹುದೇ?

ಪ್ರಶ್ನೆ: ನನ್ನ ತಂಗಿ ಆರು ತಿಂಗಳ ಗರ್ಭಿಣಿಯಾಗಿದ್ದು, ತೋಟದ ಮನೆಯಿಂದ ಅಂಗನವಾಡಿಗೆ ದಿನವೂ ನಡೆಯುವುದು ಅವಳಿಗೆ ಕಷ್ಟವಾಗುತ್ತಿದೆ. ಮಾತೃಪೂರ್ಣ ಯೋಜನೆಯ ಊಟವನ್ನು ಮನೆಗೆ ತರಲು ಅವಕಾಶವಿದೆಯೇ? ಎರಡು ವರ್ಷದ ಮಗನಿಗೂ ಆಹಾರ ದೊರೆಯುತ್ತದೆಯೇ?

ಉತ್ತರ 1: 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಈ ಯೋಜನೆಯ ಉದ್ದೇಶವೇ ಗರ್ಭಿಣಿಯರೂ ಬಾಣಂತಿಯರೂ ಕೇಂದ್ರದಲ್ಲಿ ಕುಳಿತು ಬಿಸಿಯೂಟ ಮಾಡಬೇಕೆಂಬುದು. ಏಕೆಂದರೆ ಮನೆಗೆ ಕೊಟ್ಟ ಪಡಿ ಎಲ್ಲರ ತಟ್ಟೆಗೂ ಹಂಚಿಹೋಗಿ, ಗರ್ಭಿಣಿಯ ಪಾಲಿಗೆ ಉಳಿಯುವುದು ಅಷ್ಟಕ್ಕಷ್ಟೆ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಜೊತೆಗೆ ಕಬ್ಬಿಣಾಂಶದ ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ.

ಉತ್ತರ 2: ಆಶಯ ಸರಿ, ಆದರೆ ಮಲೆನಾಡಿನ ಒಂಟಿಮನೆಗಳಿಗೆ ಅದು ಒಗ್ಗುವುದಿಲ್ಲ. ಕೊರೊನಾ ಕಾಲದಲ್ಲಿ ಪಡಿಯನ್ನು ಮನೆಗೇ ಕೊಟ್ಟಿದ್ದರು. ಆದ್ದರಿಂದ ಅಂಗನವಾಡಿ ಮೇಲ್ವಿಚಾರಕಿಯವರನ್ನು ಲಿಖಿತವಾಗಿ ಕೇಳಿ ನೋಡಿ.

ಉತ್ತರ 3: ಮೂರು ವರ್ಷದೊಳಗಿನ ಮಕ್ಕಳಿಗೆ ಪೂರಕ ಆಹಾರವನ್ನು ಮನೆಗೆ ಒಯ್ಯಲು ಕೊಡುತ್ತಾರೆ. ಮಗನ ಹೆಸರನ್ನು ನೋಂದಾಯಿಸಿ, ತೂಕವನ್ನೂ ತಪ್ಪದೆ ನೋಡಿಸಿರಿ.